ಹಾಡು ನಿಂತರೆ ಪ್ಲೇಯರ್‌ಗೆ ಬೈಯಬೇಡಿ

ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಮದುವೆ ಪೆಂಡಾಲುಗಳಲ್ಲಿ ಈಗ ಹಾಡುವುದು ಆಂಪ್ಲಿಫೈಯರ್‌ಗೆ ವೈರ್ ಸಿಕ್ಕಿಸಿಟ್ಟ ಮೊಬೈಲು. ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಹಾಡು ತಡವರಿಸಿ ನಿಂತು, ಸ್ಕ್ರೀನ್ ಒತ್ತಿದರೂ ಜಪ್ಪಯ್ಯ ಅನ್ನದಿದ್ದರೆ ಬೈಗುಳ ಬೀಳುವುದು ಪ್ಲೇಯರ್ ಆ್ಯಪ್‌ಗೆ. ಅದನ್ನು ಕಿತ್ತುಹಾಕಿ ಬೇರೊಂದನ್ನು ಹಾಕಿಕೊಂಡರೆ ಕೆಲ ದಿನಕ್ಕೆ ಅದೂ ಹಾಗೇ ನಿಲ್ಲುತ್ತದೆ. ಅದೇ ಹೊತ್ತಿಗೆ ಒಳಗೆ ಇನ್ನಾವುದೋ ಆ್ಯಪ್ ಅಪ್‌ಡೇಟ್ ಆಗುತ್ತಿತ್ತು ಎಂಬುದನ್ನು ಯಾರೂ ಗಮನಿಸಿರುವುದಿಲ್ಲ.

ಸಾಧಾರಣ ಎಂಪಿ3 ಹಾಡೊಂದಕ್ಕೆ ಸೆಕೆಂಡಿಗೆ ಬೇಕಿರುವುದು ಸುಮಾರು 16 ಕಿಲೋಬೈಟ್ ಮಾಹಿತಿ. ಅಗ್ಗದ ಫೋನಿನ ಸ್ಟೋರೇಜ್ ಕೂಡ ಅದರ ಸಾವಿರಾರು ಪಟ್ಟು ಕೊಡಬಲ್ಲದು. ಆದರೂ ಹಾಡು ಯಾಕೆ ಹಸಿಯಬೇಕು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನಲ್ಲಿ ನೀರಿದ್ದರೇನು, ಮೇಲಿನವರು ಎಳೆದುಕೊಂಡರೆ ತುದಿಗೆ ಮುಟ್ಟುವುದಿಲ್ಲ. ಪ್ಲೇಯರ್ ಮುಂದಿನ ಕೆಲವು ಕ್ಷಣಗಳ ಹಾಡನ್ನು ಬಫರ್‌ನಲ್ಲಿ ತುಂಬಿಟ್ಟುಕೊಂಡಿರುತ್ತದೆ. ಅಪ್‌ಡೇಟ್‌ನ ಬರವಣಿಗೆ ಮುಗಿದು ತನ್ನ ಓದುವ ಪಾಳಿ ಬರುವಷ್ಟರಲ್ಲಿ ಆ ಬಫರ್ ಬರಿದಾದರೆ ದನಿ ನಿಂತಂತೆ. ವಿಡಿಯೋದ ಪಾಡು ಇನ್ನೂ ಕಷ್ಟ: ಸೆಕೆಂಡಿಗೆ 30 ಚಿತ್ರಗಳೆಂದರೆ ಪ್ರತಿ ಚಿತ್ರಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡ್.

ಪಾಳಿ ತಡವಾಗುವುದಕ್ಕೆ ಮೂಲ ಫ್ಲ್ಯಾಶ್ ಮೆಮೊರಿಯ ಸ್ವಭಾವದಲ್ಲಿದೆ. ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುಓಕ 1980ರ ದಶಕದಲ್ಲಿ ರೂಪಿಸಿದ ಈ ಮೆಮೊರಿಯಲ್ಲಿ ಬರೆದದ್ದರ ಮೇಲೆ ನೇರ ಬರೆಯಲಾಗದು, ಮೊದಲು ಅಳಿಸಬೇಕು. ಬರೆಯುವುದು ಪುಟದ ಲೆಕ್ಕದಲ್ಲಾದರೆ, ಅಳಿಸುವುದು ನೂರಾರು ಪುಟಗಳ ಬ್ಲಾಕ್ ಲೆಕ್ಕದಲ್ಲಿ. ಒಂದು ಪುಟ ಓದಲು ಮೈಕ್ರೊಸೆಕೆಂಡುಗಳು ಸಾಕು, ಒಂದು ಬ್ಲಾಕ್ ಅಳಿಸಲು ಮಿಲಿಸೆಕೆಂಡುಗಳೇ ಬೇಕು. ಸ್ಟೋರೇಜ್ ತುಂಬಿತ್ತೋ, ಅಳಿಸುವ ಮೊದಲು ಆ ಬ್ಲಾಕಿನಲ್ಲಿರುವ ಉಪಯೋಗಿ ಪುಟಗಳನ್ನು ಬೇರೆಡೆಗೆ ಸಾಗಿಸುವ ಕೆಲಸವೂ ಸೇರಿಕೊಳ್ಳುತ್ತದೆ. ವಾಟ್ಸಾಪ್‌ನ ಗುಡ್ ಮಾರ್ನಿಂಗ್ ವಿಡಿಯೋಗಳಿಂದ ಗಂಟಲುಮಟ್ಟ ತುಂಬಿದ ಫೋನುಗಳಲ್ಲೇ ಈ ರೋಗ ಹೆಚ್ಚು.

ಅಪ್‌ಡೇಟ್ ಅಂದರೆ ಬರೀ ಡೌನ್‌ಲೋಡ್ ಕೂಡ ಅಲ್ಲ. ಬದಲಾದ ಭಾಗವನ್ನಷ್ಟೇ ತರಿಸಿಕೊಂಡು, ಹಳೆಯದರ ಜೊತೆ ಹೊಂದಿಸಿ ಹೊಸ ಆ್ಯಪನ್ನು ಫೋನಿನಲ್ಲೇ ಕಟ್ಟಿಕೊಳ್ಳುವ ಸುಧಾರಿತ ವಿಧಾನವನ್ನು ಗೂಗಲ್ 2016ರಲ್ಲಿ ಪ್ರಕಟಿಸಿತು. ನಮ್ಮ ಡೇಟಾ ಉಳಿಯಿತು, ದುಡಿಮೆ ಪ್ರೊಸೆಸರ್ ಹೆಗಲಿಗೆ ಬಿತ್ತು. ಅದಕ್ಕೇ ಗೂಗಲ್ ಆಗ ಈ ವಿಧಾನವನ್ನು ತಾನಾಗಿಯೇ ನಡೆಯುವ ಅಪ್‌ಡೇಟ್‌ಗಳಿಗೆ ಮಾತ್ರ ಮೀಸಲಿಟ್ಟಿತ್ತು. ಅವು ಸಾಮಾನ್ಯವಾಗಿ ನಡೆಯುವುದು ರಾತ್ರಿ, ಫೋನು ಚಾರ್ಜಿಗಿದ್ದಾಗ. ನಾವೋ ಹಗಲೆಲ್ಲ ಫೋನು ಬಳಸಿ, ರಾತ್ರಿ ಸ್ವಿಚ್ ಆಫ್ ಮಾಡಿ ಮಲಗುವವರು!

ಇನ್ನು ಮದ್ದು. ದನಿ ಬರುತ್ತಿದ್ದು ಸ್ಕ್ರೀನ್ ಮಾತ್ರ ಹೆಪ್ಪುಗಟ್ಟಿದ್ದರೆ ಏನೂ ಒತ್ತಬೇಡಿ. ಎರಡೂ ಬೇರೆ ಬೇರೆ ಎಳೆಗಳಲ್ಲಿ ಓಡುತ್ತವೆ. ಒತ್ತಿದ್ದಕ್ಕೆ 5 ಸೆಕೆಂಡಾದರೂ ಉತ್ತರ ಬಾರದಿದ್ದರೆ ಆಂಡ್ರಾಯ್ಡ್ ‘ಕಾಯಿರಿ’, ‘ಮುಚ್ಚಿರಿ’ ಎಂದು ಕೇಳುತ್ತದೆ. ಮೊದಲ ಸಲ ಕಾಯುವುದೇ ಲೇಸು. ಅಪ್‌ಡೇಟ್ ಆಗುತ್ತಿರುವುದು ಪ್ಲೇಯರೇ ಆಗಿದ್ದರೆ ಆಂಡ್ರಾಯ್ಡ್ ಅದನ್ನು ಮುಚ್ಚಿಯೇ ಹೊಸದನ್ನು ಕೂರಿಸುತ್ತದೆ, ಅದು ರೋಗವಲ್ಲ. ಪದೇ ಪದೇ ನಿಲ್ಲುತ್ತಿದ್ದರೆ ಪ್ಲೇಯರ್‌ನ ಕ್ಯಾಶೆ ಅಳಿಸಿ ನೋಡಿ. ಪಕ್ಕದ ‘ಕ್ಲಿಯರ್ ಡೇಟಾ’ಗೆ ಕೈ ಹಾಕಿದರೆ ವರ್ಷಗಟ್ಟಲೆ ಜೋಡಿಸಿದ ಪ್ಲೇಲಿಸ್ಟ್ ಹೋದೀತು. ಹಾಡುಗಳು ಮೆಮೊರಿ ಕಾರ್ಡಿನಲ್ಲಿದ್ದರೆ ಕಾರ್ಡನ್ನೂ ಅನುಮಾನಿಸಿ. ಕ್ಲಾಸ್ 4 ಎಂದು ಬರೆದ ಹಳೆಯ ಕಾರ್ಡು ಭರವಸೆ ಕೊಡುವುದು ಸೆಕೆಂಡಿಗೆ 4 ಮೆಗಾಬೈಟ್ ಬರವಣಿಗೆಗೆ ಮಾತ್ರ, ಅದೂ ಸಾಲಾಗಿ ಬರೆದಾಗ.

ಅಪ್‌ಡೇಟನ್ನು ಕಾಯಂ ಬಂದ್ ಮಾಡುವ ಸಲಹೆ ಅಂಗಡಿಗಳಲ್ಲಿ ಸಿಗುತ್ತದೆ, ನಾನು ಒಪ್ಪುವುದಿಲ್ಲ. ಭದ್ರತೆಯ ತೇಪೆಗಳೂ ಅದೇ ದಾರಿಯಲ್ಲಿ ಬರುತ್ತವೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಅಪ್‌ಡೇಟನ್ನು ವೈಫೈಗೆ ಮಾತ್ರ ಸೀಮಿತಗೊಳಿಸಿ, ಸ್ಟೋರೇಜಿನಲ್ಲಿ ಹತ್ತರಲ್ಲೊಂದು ಪಾಲಾದರೂ ಖಾಲಿ ಬಿಡಿ. ಮದುವೆಯ ದಿನ ಮಾತ್ರ, ಹಾಡುಗಳನ್ನು ಮೊದಲೇ ಫೋನಿಗೆ ತುಂಬಿಕೊಂಡು ಏರೋಪ್ಲೇನ್ ಮೋಡ್ ಹಾಕಿಬಿಡಿ. ಡೌನ್‌ಲೋಡೂ ಬರುವುದಿಲ್ಲ, ನಡುವೆ ಬೀಗರ ಫೋನೂ ಬರುವುದಿಲ್ಲ.