ಪ್ರಕಟಿಸುವ ಮೊದಲು ಮುನ್ನೋಟ: ಉಂಡೆ ಕೊಬ್ಬರಿ ವಿಕಿಪೀಡಿಯಕ್ಕೆ ಹೋಗುವ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ, ಎಂಟರಿಂದ ಹನ್ನೆರಡು ತಿಂಗಳಲ್ಲಿ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಎನ್ನುತ್ತದೆ. ತೆಂಗು ಬೆಳೆಯದ ಊರಿನ ಕನ್ನಡಿಗರಿಗೂ ಈ ತಿಳಿವಳಿಕೆ ಸಿಗಬೇಕೆಂದರೆ ಕನ್ನಡ ವಿಕಿಪೀಡಿಯ ಒಳ್ಳೆಯ ಜಾಗ. 2003ರಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಯಾರಾದರೂ ಬರೆಯಬಹುದು. ಅದರ ಹಿಂದಿರುವ ಮೀಡಿಯಾವಿಕಿ ತಂತ್ರಾಂಶವೂ ಮುಕ್ತ. ಸಂಪಾದಕರೊಬ್ಬರು ತಿದ್ದಿ ಅಚ್ಚಿಗೆ ಕಳಿಸುವ ಪದ್ಧತಿ ಇಲ್ಲಿಲ್ಲ. ಬರೆದವರೇ ಗುಂಡಿ ಒತ್ತುತ್ತಾರೆ, ಒತ್ತಿದ ಕೂಡಲೇ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಒತ್ತುವುದಕ್ಕೆ ಮುಂಚಿನ ಕೆಲಸವೇ ಹೆಚ್ಚು.

ಖಾತೆ ತೆರೆದವರಿಗೆಲ್ಲ ತಮ್ಮದೇ ಪ್ರಯೋಗಪುಟ ಇರುತ್ತದೆ. ಲೇಖನವನ್ನು ಅಲ್ಲೇ ಕಟ್ಟಿ. ಅಲ್ಲಿ ಉಳಿಸಿದ್ದು ಗುಟ್ಟಲ್ಲ, ಹುಡುಕಿದವರು ನೋಡಬಹುದು. ಆದರೆ ವಿಶ್ವಕೋಶದ ಲೇಖನವೆಂದು ಲೆಕ್ಕಕ್ಕೆ ಬರುವುದಿಲ್ಲ, ಅರ್ಧಂಬರ್ಧ ಇದ್ದರೂ ನಡೆಯುತ್ತದೆ. ಪ್ರಕಟಿಸಿದರೆ ಪುಟ ಹೇಗೆ ಕಾಣುತ್ತದೆಂದು ತೋರಿಸುವ ಮುನ್ನೋಟದ ಕಥೆ ಬೇರೆ. ಅದು ಏನನ್ನೂ ಉಳಿಸುವುದಿಲ್ಲ. ಮುನ್ನೋಟ ನೋಡಿ, ಕೆಲಸ ಮುಗಿಯಿತೆಂದು ಕಿಟಕಿ ಮುಚ್ಚಿದರೆ ಬರೆದದ್ದು ಹೋಯಿತೆಂದೇ ತಿಳಿಯಿರಿ.

ಮುನ್ನೋಟದಲ್ಲಿ ಕಣ್ಣು ಹಾಯಿಸಬೇಕಾದ ಜಾಗಗಳಿವೆ. [[ತುರುವೇಕೆರೆ]] ಎಂದು ಎರಡೆರಡು ಚೌಕ ಆವರಣ ಹಾಕಿದರೆ ಕೊಂಡಿಯಾಗುತ್ತದೆ. ಕೊನೆಯದೊಂದು ಬಿಟ್ಟುಹೋದರೆ ಆವರಣಗಳೇ ಹಾಗೆಹಾಗೇ ಎದ್ದು ಕಾಣುತ್ತವೆ. ಕೊಂಡಿ ನೀಲಿಯಾಗಿದ್ದರೆ ಆ ಹೆಸರಿನ ಪುಟ ಇದೆ, ಕೆಂಪಾಗಿದ್ದರೆ ಇಲ್ಲ ಅಥವಾ ಕಾಗುಣಿತ ತಪ್ಪಿದೆ. ಉಲ್ಲೇಖದ ಗುರುತನ್ನು ಮುಚ್ಚಲು ಮರೆತಿದ್ದರೆ ಕೆಂಪಕ್ಷರದ ದೋಷಸೂಚನೆ ಬರುತ್ತದೆ. ಅಟ್ಟದ ಚಿತ್ರ ಮೂಡದಿದ್ದರೆ ಕಡತದ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆಗಿರುತ್ತದೆ. ಆ ಚಿತ್ರ ಮೊದಲೇ ವಿಕಿಮೀಡಿಯ ಕಾಮನ್ಸ್‌ಗೆ ಏರಿರಬೇಕು. ಮೊಬೈಲಿನಲ್ಲಿ ನೀವೇ ತೆಗೆದದ್ದಾದರೆ ಹಕ್ಕಿನ ತಕರಾರೂ ಇರದು.

ಇಷ್ಟೆಲ್ಲ ಸರಿಯಿದ್ದರೂ ಮುನ್ನೋಟ ಹಿಡಿಯಲಾರದ ತಪ್ಪುಗಳೇ ಲೇಖನವನ್ನು ಕೆಡಿಸುವುದು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಎಣ್ಣೆ ತೆಗೆಯುವ ಕೊಬ್ಬರಿಗೆ 11,582. ಎರಡನ್ನೂ ಅದಲುಬದಲು ಮಾಡಿ ಬರೆದರೂ ಪುಟ ಅಂದವಾಗಿಯೇ ಕಾಣುತ್ತದೆ. ‘ಈಗಿನ ಬೆಲೆ’ ಎಂದು ಬರೆದರಂತೂ ಮುಂದಿನ ಹಂಗಾಮಿಗೆ ಅದು ಸುಳ್ಳು. ಅಂಕಿಯ ಪಕ್ಕ ವರ್ಷ ಇರಲೇಬೇಕು. ಮಾರುಕಟ್ಟೆಯ ಹರಾಜಿನ ದರ ಬೇರೆ, ಬೆಂಬಲ ಬೆಲೆ ಬೇರೆ ಎಂಬುದನ್ನೂ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಆ ವ್ಯತ್ಯಾಸ ತಿಳಿದಿರುವುದಿಲ್ಲ.

ಇನ್ನೊಂದು ತೊಡಕು ನಮ್ಮ ರೈತರಿಗೆ ನಿಜಕ್ಕೂ ಬೇಸರ ತರುವಂಥದ್ದು. ನಲವತ್ತು ವರ್ಷ ಕೊಬ್ಬರಿ ಮಾಡಿದವರ ಮಾತಾದರೂ, ಅಚ್ಚಾದ ಆಧಾರವಿಲ್ಲದೆ ವಿಕಿಪೀಡಿಯದಲ್ಲಿ ನಿಲ್ಲುವುದಿಲ್ಲ. ನಿಯಮ ಕಟುವಾದರೂ ಸರಿಯೆಂದೇ ನನ್ನ ಎಣಿಕೆ, ಏಕೆಂದರೆ ದೂರದ ಓದುಗರಿಗೆ ಪರೀಕ್ಷಿಸಲು ಬೇರೆ ದಾರಿಯಿಲ್ಲ. ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗು ಅಭಿವೃದ್ಧಿ ಮಂಡಳಿ, ಜಿಲ್ಲಾ ಗೆಜೆಟಿಯರ್, ದಿನಪತ್ರಿಕೆಗಳ ವರದಿ, ಇವುಗಳಲ್ಲಿ ಹುಡುಕಿ ಹೊಂದಿಸಬೇಕು. ಮಾತುಗಳನ್ನು ಮಾತ್ರ ಎತ್ತಿ ಅಂಟಿಸಬಾರದು.

ಪ್ರಕಟಿಸುವಾಗ ಸಾರಾಂಶದ ಖಾನೆಯಲ್ಲಿ ಏನು ಮಾಡಿದಿರೆಂದು ಒಂದು ಸಾಲು ಬರೆಯಿರಿ. ಆ ಗಳಿಗೆಯಿಂದ ನಿಮ್ಮ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಸೇರುತ್ತದೆ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮೂಲ ಬರೆದವರನ್ನು ಹೆಸರಿಸಿದರಾಯಿತು, ತಿದ್ದಿ ಹಂಚುವವರು ಅದೇ ಪರವಾನಗಿಯಲ್ಲಿ ಹಂಚಬೇಕು. ಪ್ರಯೋಗಪುಟವನ್ನು ಲೇಖನದ ಹೆಸರಿಗೆ ಸ್ಥಳಾಂತರಿಸಿದರೆ ಹಳೆಯ ಕರಡುಗಳೂ ಇತಿಹಾಸದಲ್ಲಿ ಜೊತೆಗೇ ಬರುತ್ತವೆ. ಹೊಸ ಖಾತೆಯವರು ಈ ಸೌಲಭ್ಯಕ್ಕೆ ಕೆಲವು ದಿನ ಕಾಯಬೇಕು.

ಆಮೇಲೆ ಪುಟವನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಯಾರಾದರೂ ತಿದ್ದಿದಾಗ, ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ತಿದ್ದಿದ್ದು ತಪ್ಪೆನಿಸಿದರೆ ಥಟ್ಟನೆ ಹಿಂದಕ್ಕೆ ತಿರುಗಿಸದೆ, ಚರ್ಚೆ ಪುಟದಲ್ಲಿ ಆಧಾರ ಮುಂದಿಟ್ಟು ಕೇಳಿ. ಮಟ್ಟೆ ಬಿಡಿಸದೆಯೇ ಅಟ್ಟಕ್ಕೆ ಏಕೆ ಹಾಕುತ್ತಾರೆಂದು ಆ ಕಡೆಯವರಿಗೆ ಗೊತ್ತಿಲ್ಲದಿರಬಹುದು.