ಟ್ಯಾಂಕು ತುಂಬಿದ್ದು ಪಂಪಿಗೆ ಹೇಳೋರ್ಯಾರು?

"ಏನ್ ಸ್ವಾಮಿ, ನಿಮ್ಮ ಬೀದಿಗೆ ನೀರು ಬಂತಾ?"

ಬೆಳಗಾದರೆ ಅಂಗಡಿ ಬಾಗಿಲಲ್ಲಿ ಕೇಳಿಬರುವ ಮೊದಲ ಮಾತೇ ಇದು. ಒಂದು ಕಡೆ ಟ್ಯಾಂಕು ತುಂಬಿ ಚರಂಡಿಗೆ ಹರೀತಿರುತ್ತೆ, ಇನ್ನೊಂದು ಕಡೆ ಖಾಲಿ ಕೊಡಗಳ ಸಾಲು. ಕಾರಣ ದೊಡ್ಡದೇನಲ್ಲ. ಗುಡ್ಡದ ಮೇಲಿನ ಟ್ಯಾಂಕು ತುಂಬಿದ್ದು ಕೆಳಗಿನ ಪಂಪ್‌ಹೌಸಿಗೆ ಗೊತ್ತಾಗುವುದಿಲ್ಲ. ನೀರುಗಂಟಿ ಸೈಕಲ್ ತುಳಿದು ಬಂದು ಹೇಳುವಷ್ಟರಲ್ಲಿ ಚರಂಡಿಗೆ ಅಭಿಷೇಕ ಆಗಿರುತ್ತದೆ!

ಹಾಗಾದರೆ ಮಟ್ಟ ಅಳೆಯುವ ಮೀಟರು ಮೂಗವೇ? ಅಲ್ಲ. ಅದರದು 'ಸೀರಿಯಲ್' ಭಾಷೆ. ಕ್ಯೂ ನಿಂತವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದ ಹಾಗೆ, ತಂತಿಯ ಮೇಲೆ ಒಂದರ ಹಿಂದೊಂದು ಸಂಕೇತ ಹೊರಡುತ್ತದೆ. 1960ರ ಆರ್‌ಎಸ್-232 ಪದ್ಧತಿಯಲ್ಲಿ ತಂತಿಯ ಓಟ ಸುಮಾರು 50 ಅಡಿ. 1983ರ ಆರ್‌ಎಸ್-485ರಲ್ಲಿ ಸುಮಾರು 1,200 ಮೀಟರು. ಅದರಾಚೆಗೆ? ರಸ್ತೆ ಅಗೆದು ಬೇರೆ ಬಗೆಯ ತಂತಿ ಎಳೆಯಬೇಕು. ಅಗೆದ ರಸ್ತೆ ಮುಚ್ಚೋದು ಯಾವಾಗ ಅಂತ ಬಸ್ ಪ್ರಯಾಣಿಕರನ್ನೇ ಕೇಳಿ.

ಇತ್ತ ಕಚೇರಿಯ ಕಂಪ್ಯೂಟರಿನದು 'ಈಥರ್‌ನೆಟ್' ಭಾಷೆ. ಈ ಇಬ್ಬರ ನಡುವಿನ ದುಭಾಷಿಯೇ ಇಂಡಸ್ಟ್ರಿಯಲ್ ರೇಡಿಯೋ. ಟ್ಯಾಂಕಿನ ಬಳಿ ಒಂದು ಪೆಟ್ಟಿಗೆ, ಕಚೇರಿ ತಾರಸಿಯ ಮೇಲೆ ಇನ್ನೊಂದು. ಮೀಟರು ಹೇಳಿದ್ದನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಗಾಳಿಯಲ್ಲೇ ರವಾನೆ! ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲೇ ಲೈಸೆನ್ಸ್‌ನಿಂದ ಮುಕ್ತ ಮಾಡಲಾಗಿದೆ. ಆದರೆ ರೇಡಿಯೋದ ಶಕ್ತಿಗೆ ಮಿತಿ ಉಂಟು.

ಪೆಟ್ಟಿಗೆ ತಂದು ಗೋಡೆಗೆ ಹೊಡೆದರೆ ಕೆಲಸ ಮುಗೀತು ಅನ್ನುವ ಹಾಗಿಲ್ಲ. ಎರಡು ಆಂಟೆನಾಗಳಿಗೆ ಪರಸ್ಪರ ಮುಖದರ್ಶನ ಇರಬೇಕು. ನಡುವೆ ಆಲದ ಮರವೋ ಹೊಸ ಲಾಡ್ಜೋ ಎದ್ದರೆ ಮಾತು ತಡವರಿಸುತ್ತದೆ. ತಂತಿಗಿಂತ ರೇಡಿಯೋದ ಉತ್ತರ ಕೊಂಚ ತಡ. ಅಷ್ಟು ಹೊತ್ತು ಕಾಯಬೇಕೆಂದು ಕಂಪ್ಯೂಟರಿಗೆ ಹೇಳಿಡದಿದ್ದರೆ "ಮೀಟರು ಸತ್ತಿದೆ" ಅಂತ ಅದು ಷರಾ ಬರೆದುಬಿಡುತ್ತದೆ. ರೇಡಿಯೋ ಪೂರ್ತಿ ಮೌನವಾದರೆ ಪಂಪು ಓಡಬೇಕೋ ನಿಲ್ಲಬೇಕೋ, ಅದೂ ಮೊದಲೇ ಗೊತ್ತಾಗಿರಬೇಕು.

ಎಲ್ಲಕ್ಕಿಂತ ಮುಖ್ಯ, ಬೀಗ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿ ಶೈರ್‌ನಲ್ಲಿ ಇಂಥದೇ ರೇಡಿಯೋ ವ್ಯವಸ್ಥೆ ಅಳವಡಿಸಿದ್ದ ಕಂಪನಿಯ ಮಾಜಿ ನೌಕರನೊಬ್ಬ, ಕೌನ್ಸಿಲು ತನಗೆ ಕೆಲಸ ಕೊಡಲಿಲ್ಲವೆಂಬ ಸಿಟ್ಟಿಗೆ ರೇಡಿಯೋ ಮೂಲಕವೇ ಪಂಪುಗಳಿಗೆ ಸುಳ್ಳು ಆಜ್ಞೆ ಕಳಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ನದಿಗಳಿಗೆ ನುಗ್ಗಿತು. ಆತನಿಗೆ ಜೈಲಾಯಿತು, ಆದರೆ ಹರಿದ ಕೊಳಚೆ ವಾಪಸು ಬಂದೀತೆ? ಗುಪ್ತಲಿಪಿ, ಪಾಸ್‌ವರ್ಡ್ ಇಲ್ಲದ ರೇಡಿಯೋ ಎಂದರೆ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಅಂಗಡಿ.

ಇಷ್ಟೆಲ್ಲ ಸರಿಯಾದರೆ ನೀರುಗಂಟಿಯ ಸೈಕಲ್ಲಿಗೆ ವಿರಾಮ, ಚರಂಡಿಯ ಅಭಿಷೇಕಕ್ಕೂ ವಿರಾಮ. ಆದರೆ ಒಂದು ಮಾತು: ರೇಡಿಯೋ ಎಷ್ಟೇ ವಟಗುಟ್ಟಲಿ, ಕೆರೆ ಒಣಗಿದ್ದರೆ ನಲ್ಲಿ ಮಾತ್ರ ಮೌನವೇ!