ಅಲೆಗಳು ಕೆತ್ತಿದ ತೀರ

ಆಸ್ಟ್ರೇಲಿಯದ ಭೂಪಟವನ್ನು ಬಿಡಿಸಿ ಅದರ ಆಗ್ನೇಯ ಮೂಲೆಯನ್ನು ನೋಡಿದರೆ, ಮೆಲ್ಬರ್ನ್ ನಗರಕ್ಕೆ ನೈಋತ್ಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಆಟ್ವೇ ಭೂಶಿರವು ಕಾಣುವುದು. ಈ ತೀರವನ್ನು ಅನುಸರಿಸಿ ಸುಮಾರು 240 ಕಿಲೋಮೀಟರು ಸಾಗುವ ರಸ್ತೆಗೆ ‘ಗ್ರೇಟ್ ಓಷನ್ ರೋಡ್’ ಎಂದು ಹೆಸರು. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರು, ಮಡಿದ ಸಂಗಾತಿಗಳ ಸ್ಮರಣೆಗಾಗಿ, 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿಗಳಿಂದ ಕಡಿದು ನಿರ್ಮಿಸಿದ ದಾರಿಯಿದು.

ಮೋಟಾರಿನಲ್ಲಿ ಹೋಗುವವರು ಈ ತೀರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಲ್ಲರು. ಆದರೆ ನೋಡುವುದು ಬೇರೆ, ಅರಿಯುವುದು ಬೇರೆ. ಅರಿಯಬೇಕೆನ್ನುವವರಿಗೆ ಅಪೊಲೊ ಬೇ ಎಂಬ ಊರಿನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು ಉದ್ದದ ಕಾಲುದಾರಿಯುಂಟು. ನೀಲಗಿರಿ ಮರಗಳ ಕಾಡನ್ನು ಹಾಯ್ದು, ಬಂಡೆಗಳ ನೆತ್ತಿಯನ್ನೇರಿ, ಆಗಾಗ ಮರಳಿಗೆ ಇಳಿದು ಮುಂದುವರಿಯುವ ಈ ದಾರಿಯಲ್ಲಿ ವಾಚಕರನ್ನು ಕರೆದೊಯ್ಯುವುದು ನಮ್ಮ ಉದ್ದೇಶ. ಭೌತವಿಜ್ಞಾನವನ್ನು ಓದುವವರಿಗೆ ಇದಕ್ಕಿಂತ ಉತ್ತಮವಾದ ಪ್ರಯೋಗಶಾಲೆಯು ಸಿಗಲಾರದು.

ಮೊದಲು ಅಲೆಗಳ ಹುಟ್ಟನ್ನು ವಿಚಾರಿಸೋಣ. ದಕ್ಷಿಣ ಅಕ್ಷಾಂಶ 40 ಡಿಗ್ರಿಯಿಂದಾಚೆಗೆ ಭೂಮಿಯನ್ನು ಸುತ್ತಿ ಬೀಸುವ ಪಶ್ಚಿಮದ ಗಾಳಿಗಳಿಗೆ ನೆಲದ ಅಡ್ಡಿಯೇ ಇಲ್ಲವೆನ್ನಬಹುದು. ಹಾಯಿಹಡಗುಗಳ ನಾವಿಕರು ಆ ಪ್ರದೇಶವನ್ನು ‘ಗರ್ಜಿಸುವ ನಲವತ್ತುಗಳು’ ಎಂದು ಕರೆದದ್ದು ಸುಮ್ಮನೆಯಲ್ಲ. ಅಲ್ಲಿ ಎದ್ದ ಅಲೆಗಳು, ಗಾಳಿಯ ಬೆಂಬಲವು ತಪ್ಪಿದ ಮೇಲೂ, ಸಾವಿರಾರು ಕಿಲೋಮೀಟರು ಸಾಗಿಬರುತ್ತವೆ. ಒಂದು ಅಲೆಯ ನೆತ್ತಿಗೂ ಮುಂದಿನದರ ನೆತ್ತಿಗೂ 14 ಸೆಕೆಂಡುಗಳ ಅಂತರವಿದೆಯೆನ್ನೋಣ. ಆಳವಾದ ನೀರಿನಲ್ಲಿ ಅದರ ವೇಗವು ಗಂಟೆಗೆ ಸುಮಾರು 79 ಕಿಲೋಮೀಟರು. ತರಂಗಾಂತರವು ಸುಮಾರು 300 ಮೀಟರು. ಅಲೆಯ ಎತ್ತರವು 3 ಮೀಟರಾದರೆ, ತೀರದ ಪ್ರತಿಯೊಂದು ಮೀಟರಿಗೂ ಅದು ತಂದೊಪ್ಪಿಸುವ ಸಾಮರ್ಥ್ಯವು 120 ಕಿಲೋವಾಟುಗಳಷ್ಟಾಗುವುದು. ಎತ್ತರವು ಇಮ್ಮಡಿಸಿದರೆ ಶಕ್ತಿಯು ನಾಲ್ಮಡಿಸುವುದೆಂಬುದನ್ನು ಮರೆಯಬಾರದು. (ದಕ್ಷಿಣದ ಇದೇ ಬಗೆಯ ಬಿರುಗಾಳಿಗಳ ಅಲೆಗಳು ಹಿಂದೂ ಮಹಾಸಾಗರವನ್ನು ದಾಟಿ ಕೇರಳದ ತೀರವನ್ನೂ ತಲಪುವುದುಂಟು, ಮುನ್ಸೂಚನೆಯಿಲ್ಲದೆ ಬರುವ ಈ ಕಡಲನ್ನು ಅಲ್ಲಿನ ಬೆಸ್ತರು ‘ಕಳ್ಳಕ್ಕಡಲ್’ ಎನ್ನುವರು.)

ನಡೆಯುತ್ತ ನಾವು ‘ರೆಕ್ ಬೀಚ್’ ಎಂಬ ತೀರಕ್ಕೆ ಬರುತ್ತೇವೆ. ಒಡೆದ ಹಡಗುಗಳ ತೀರವೆಂದು ಅದರ ಅರ್ಥ. 1869ರಲ್ಲಿ ಮುಳುಗಿದ ‘ಮಾರಿ ಗಬ್ರಿಯೆಲ್’ ಮತ್ತು 1891ರಲ್ಲಿ ಮುಳುಗಿದ ‘ಫಿಜಿ’ ಎಂಬ ಹಡಗುಗಳ ಲಂಗರುಗಳು ಇಲ್ಲಿ ಇಂದಿಗೂ ತುಕ್ಕು ಹಿಡಿದು ನಿಂತಿವೆ. ಇಳಿತದ ಹೊತ್ತಿನಲ್ಲಿ, ಕಡಲು ಶಾಂತವಾಗಿರುವಾಗ ಮಾತ್ರ ಇಲ್ಲಿ ನಡೆಯಬಹುದು. ಉಳಿದ ವೇಳೆಗೆಂದು ಬಂಡೆಯ ಮೇಲೆ ಬೇರೊಂದು ದಾರಿಯನ್ನು ಗುರುತಿಸಿರುವರು. ಭರತದ ವೇಳಾಪಟ್ಟಿಯನ್ನು ಓದಲಾರದವನು ಆ ಮೇಲಿನ ದಾರಿಯನ್ನೇ ಹಿಡಿಯುವುದು ಲೇಸು.

ನಡೆದು ಬೆವೆತವನಿಗೆ ನೀರಿಗಿಳಿಯುವ ಆಸೆಯಾಗುವುದು ಸಹಜ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಲೆಗಳು ಒಡೆದಾಗ ದಡದ ಕಡೆಗೆ ನೂಕಲ್ಪಟ್ಟ ನೀರು ಹೇಗಾದರೂ ಹಿಂದಿರುಗಲೇಬೇಕಷ್ಟೆ? ನೀರಿನಡಿಯ ಮರಳುದಿಣ್ಣೆಯಲ್ಲಿ ಎಲ್ಲಿಯಾದರೂ ತೆರಪಿದ್ದರೆ ಆ ನೀರೆಲ್ಲ ಅಲ್ಲಿ ಸೇರಿ, ಕಿರಿದಾದ ಹೊಳೆಯಂತೆ ಕಡಲಿಗೆ ನುಗ್ಗುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ರಿಪ್’ ಎನ್ನುವರು. ನಾವು ಸೆಳವು ಎನ್ನೋಣ. ತೆರಪಿನಲ್ಲಿ ಆಳವು ಹೆಚ್ಚಾದ್ದರಿಂದ ಅಲೆಗಳು ಅಲ್ಲಿ ಒಡೆಯುವುದು ಕಡಮೆ. ಎರಡು ಬದಿಗಳಲ್ಲಿ ಬಿಳಿಯ ನೊರೆ, ನಡುವೆ ಕಪ್ಪಾದ ಪ್ರಶಾಂತ ನೀರು! ಅರಿಯದವನು ಸ್ನಾನಕ್ಕೆ ಆರಿಸಿಕೊಳ್ಳುವುದು ಆ ನಡುವಣ ಜಾಗವನ್ನೇ. ಬಲವಾದ ಸೆಳವಿನ ವೇಗವು ಸೆಕೆಂಡಿಗೆ 2 ಮೀಟರನ್ನು ಮುಟ್ಟಬಲ್ಲುದು. ನೂರು ಮೀಟರು ಸ್ಪರ್ಧೆಯ ವಿಶ್ವದಾಖಲೆಯ ಈಜುಗಾರನ ವೇಗವೂ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಅದಕ್ಕೆ ಇದಿರಾಗಿ ಈಜುವುದೆಂದರೆ ದಣಿದು ಮುಳುಗುವುದೆಂದೇ ಅರ್ಥ. ಸೆಳವು ಯಾರನ್ನೂ ತಳಕ್ಕೆ ಎಳೆಯದು, ದೂರಕ್ಕೆ ಮಾತ್ರ ಒಯ್ಯುವುದು. ಆದ್ದರಿಂದ ಗಾಬರಿಗೊಳ್ಳದೆ ತೇಲಿಕೊಂಡಿರಬೇಕು, ಕೈಯೆತ್ತಿ ಸಹಾಯವನ್ನು ಬೇಡಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ, ಅಲೆಗಳು ಒಡೆಯುತ್ತಿರುವ ಕಡೆಗೆ ಈಜಬೇಕು.

ಆಸ್ಟ್ರೇಲಿಯದಲ್ಲಿ ವರ್ಷಕ್ಕೆ ಸರಾಸರಿ 20ಕ್ಕೂ ಹೆಚ್ಚು ಜನರು ಈ ಸೆಳವುಗಳಿಗೆ ಬಲಿಯಾಗುತ್ತಾರೆ. ಕಾವಲಿರುವ ತೀರಗಳಲ್ಲಿ ಕೆಂಪು-ಹಳದಿ ಬಾವುಟಗಳನ್ನು ನೆಟ್ಟಿರುತ್ತಾರೆ. ಅವುಗಳ ನಡುವೆ ಮಾತ್ರ ಈಜತಕ್ಕದ್ದು. ನಮ್ಮ ಕಾಲುದಾರಿಯ ಒಂಟಿ ತೀರಗಳಲ್ಲಿ ಬಾವುಟವೂ ಇಲ್ಲ, ಕಾವಲೂ ಇಲ್ಲ. 2024ರ ಜನವರಿ 24ರಂದು ಮೆಲ್ಬರ್ನಿನ ಆಗ್ನೇಯಕ್ಕಿರುವ ಫಿಲಿಪ್ ದ್ವೀಪದಲ್ಲಿ, ಇಂತಹುದೇ ಕಾವಲಿಲ್ಲದ ತೀರದಲ್ಲಿ, ಭಾರತೀಯ ಮೂಲದ ನಾಲ್ವರು ಮುಳುಗಿ ಸತ್ತರು. ವ್ಯಾಸಂಗಕ್ಕೆಂದು ಕನ್ನಡ ನಾಡಿನಿಂದ ಮೆಲ್ಬರ್ನಿಗೆ ತೆರಳುವ ತರುಣರು ಇಂದು ಕಡಮೆಯೇನಲ್ಲ. ಕೆರೆ ಬಾವಿಗಳಲ್ಲಿ ಕಲಿತ ಈಜು ಕಡಲಿಗೆ ಸಾಲದು. ಗೋಕರ್ಣ, ಪಣಂಬೂರುಗಳ ಕಡಲಿಗೂ ಈ ಮಾತು ಸಲ್ಲುವುದು.

ಮತ್ತೆ ದಾರಿಯನ್ನು ಹಿಡಿಯೋಣ. ಕಾಡು ಹಿಂದಾಗಿ, ಹಳದಿ ಬಣ್ಣದ ಸುಣ್ಣಕಲ್ಲಿನ ಕಡಿದಾದ ಗೋಡೆಗಳು ತಲೆದೋರುತ್ತವೆ. ಹದಿನೈದು ಇಪ್ಪತ್ತು ದಶಲಕ್ಷ ವರ್ಷಗಳ ಹಿಂದೆ ಕಡಲ ಜೀವಿಗಳ ಚಿಪ್ಪುಗಳು ತಳದಲ್ಲಿ ಪದರಪದರವಾಗಿ ಬಿದ್ದು ಗಟ್ಟಿಯಾದ ಕಲ್ಲಿದು. ಇಲ್ಲಿ ವಿದ್ಯಾರ್ಥಿಗಳು ಅಲೆತೊಟ್ಟಿಯ ಪ್ರಯೋಗವನ್ನು ಸ್ಮರಿಸಬೇಕು. ನೀರಿನ ಆಳವು ಕಡಮೆಯಾದಂತೆ ಅಲೆಯ ವೇಗವು ಕುಗ್ಗುವುದು. ವೇಗವು ಕುಗ್ಗಿದ ಕಡೆಗೆ ಅಲೆಯು ಬಾಗುವುದು. ಬೆಳಕು ಗಾಜನ್ನು ಹೊಕ್ಕಾಗ ನಡೆಯುವ ವಕ್ರೀಭವನವೇ ಇದು. ಮುಂಚಾಚಿದ ಭೂಶಿರದ ಮುಂದೆ ಆಳವು ಕಡಮೆಯಿರುವುದರಿಂದ, ಮಸೂರವು ಬಿಸಿಲನ್ನು ಕೂಡಿಸುವಂತೆ, ಅಲೆಗಳ ಶಕ್ತಿಯು ಅದರ ಎರಡು ಪಕ್ಕೆಗಳ ಮೇಲೂ ಬಂದು ಕೂಡುತ್ತದೆ. ಬಿರುಕು ಗವಿಯಾಗುವುದು, ಎರಡು ಕಡೆಯ ಗವಿಗಳು ಕೂಡಿ ಕಮಾನಾಗುವುದು, ಕಮಾನಿನ ನೆತ್ತಿ ಕುಸಿದರೆ ಹೊರಗಿನ ಕಾಲು ಒಂಟಿ ಕಂಬವಾಗಿ ನಿಲ್ಲುವುದು.

‘ಹನ್ನೆರಡು ಅಪೊಸ್ತಲರು’ ಎಂದು ಪ್ರಸಿದ್ಧವಾದ ಕಂಬಗಳು ಹುಟ್ಟಿದ್ದು ಹೀಗೆ. ಹೆಸರು ಹನ್ನೆರಡಾದರೂ ಎಣಿಕೆಗೆ ಸಿಗುತ್ತಿದ್ದುವು ಒಂಬತ್ತೇ. ಹಿಂದೆ ಇವನ್ನು ‘ಹಂದಿ ಮತ್ತು ಮರಿಗಳು’ ಎನ್ನುತ್ತಿದ್ದರಂತೆ. ಪ್ರವಾಸಿಗಳನ್ನು ಸೆಳೆಯಲು ಆ ಹೆಸರು ತಕ್ಕುದಲ್ಲವೆಂದು ತೋರಿರಬೇಕು. ಇವುಗಳ ಬುಡವು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಸವೆಯುವುದೆಂದು ಅಂದಾಜು. ಸವೆತವು ನಿಧಾನ, ಪತನವು ಕ್ಷಣಾರ್ಧದ್ದು. 1990ರ ಜನವರಿ 15ರಂದು ಹತ್ತಿರದ ‘ಲಂಡನ್ ಬ್ರಿಜ್’ ಎಂಬ ಜೋಡಿ ಕಮಾನಿನ ಒಳಗಿನ ಅರ್ಧವು ಕುಸಿದು, ಹೊರ ತುದಿಯಲ್ಲಿ ನಿಂತಿದ್ದ ಇಬ್ಬರನ್ನು ಹೆಲಿಕಾಪ್ಟರಿನಿಂದ ಎತ್ತಿ ತರಬೇಕಾಯಿತು. 2005ರ ಜುಲೈ 3ರಂದು ಸುಮಾರು 50 ಮೀಟರು ಎತ್ತರದ ಅಪೊಸ್ತಲನೊಬ್ಬನು ನೋಡುನೋಡುತ್ತಿದ್ದಂತೆ ಕಲ್ಲುಗುಪ್ಪೆಯಾದನು. ಬಂಡೆಯ ಅಂಚಿನ ಬೇಲಿಯನ್ನು ದಾಟಿ ಛಾಯಾಚಿತ್ರ ತೆಗೆಯಲೆಳಸುವವರು ಈ ಎರಡು ತಾರೀಖುಗಳನ್ನು ಬಲ್ಲರೋ ಇಲ್ಲವೋ!

ಬಿದ್ದ ಕಂಬಗಳು ಬೇಗನೆ ಹುಡಿಯಾಗಿ ಹೋಗುವುವೆಂದೇ ಭೂವಿಜ್ಞಾನಿಗಳು ತಿಳಿದಿದ್ದರು. 2016ರಲ್ಲಿ ಬೇರೊಂದು ಸಂಗತಿಯು ಪ್ರಕಟವಾಯಿತು. ಧ್ವನಿತರಂಗಗಳಿಂದ ಸಮುದ್ರದ ತಳವನ್ನು ಅಳೆಯುತ್ತಿದ್ದವರಿಗೆ ತೀರದಿಂದ ಸುಮಾರು 6 ಕಿಲೋಮೀಟರು ಆಚೆ, ಸುಮಾರು 50 ಮೀಟರು ಆಳದಲ್ಲಿ, ಐದು ಕುಳ್ಳು ಕಂಬಗಳು ಗೋಚರಿಸಿದುವು. ಸುಮಾರು 60,000 ವರ್ಷಗಳ ಹಿಂದೆ, ಭೂಮಿಯ ನೀರಿನಲ್ಲಿ ಒಂದು ಭಾಗವು ಹಿಮವಾಗಿ ಕಟ್ಟಿಕೊಂಡು ಕಡಲು ತಗ್ಗಿದ್ದಾಗ, ತೀರವು ಅಲ್ಲಿದ್ದಿತು. ಹಿಮವು ಕರಗಿ ನೀರು ಏರಿದಾಗ ಅಲೆಗಳು ಇವನ್ನು ಹೇಗೋ ಕೆಡವದೆ ದಾಟಿಬಂದುವು. ಇಂದಿನ ಅಪೊಸ್ತಲರ ಎದುರಿನಲ್ಲಿ, ಬೆಳಕು ಅಷ್ಟಾಗಿ ಇಳಿಯದ ನೀರಿನಲ್ಲಿ, ಅವು ಈಗಲೂ ನಿಂತಿವೆ.